ಮಧ್ಯಾಹ್ನ ಒಂದು ಗಂಟೆಯ ಅಂಕಿ

ಹವಾಮಾನ ಕಚೇರಿ, ಬೆಂಕಿ-ಹವೆ ವಿಭಾಗ
ಜೂನ್ ೪, ೧೯೮೬

ಶ್ರೀ ಆರ್ವಲ್ ಸ್ಟೆನ್‌ಬರ್ಗ್ ಅವರಿಗೆ,
ಹಾರ್ಲನ್ ರಿಡ್ಜ್ ಗ್ರಾಮೀಣ ಅಗ್ನಿಶಾಮಕ ವಲಯ, ಪೂರ್ವ ಒರೆಗಾನ್

ಮಾನ್ಯರೇ,

ದಿನವೂ ಮಧ್ಯಾಹ್ನ ಒಂದು ಗಂಟೆಗೆ ನೀವು ಅಳೆದು ಫೋನಿನಲ್ಲಿ ಹೇಳುವ ಗಾಳಿಯ ತೇವಾಂಶದ ಶೇಕಡಾವಾರು ಅಂಕಿಯು ಕಳೆದ ಮೂರು ವಾರಗಳಿಂದ ಅಕ್ಕಪಕ್ಕದ ಎರಡು ಠಾಣೆಗಳಿಗಿಂತ ಏಳು ಕಡಿಮೆ ಬರುತ್ತಿದೆ. ಥರ್ಮಾಮೀಟರುಗಳನ್ನು ಇಟ್ಟಿರುವ ಮರದ ಪೆಟ್ಟಿಗೆಯ ಬಿಳಿ ಬಣ್ಣ ಉದುರಿರಬಹುದು. ಬಣ್ಣ ಹೋದರೆ ಪೆಟ್ಟಿಗೆ ಬಿಸಿಲು ಕುಡಿದು ಕಾಯುತ್ತದೆ, ಗಾಳಿ ಇರುವುದಕ್ಕಿಂತ ಒಣಗಿದಂತೆ ಕಾಣುತ್ತದೆ. ಅಂಕಿ ಹದಿನೈದಕ್ಕಿಂತ ಕೆಳಗಿಳಿದ ದಿನ, ಯಂತ್ರದ ಕಿಡಿಗೆ ಹೊಲ ಹೊತ್ತಿಕೊಳ್ಳದಂತೆ, ನಿಮ್ಮ ವಲಯದಲ್ಲಿ ಗೋಧಿ ಕೊಯ್ಲು ಯಂತ್ರಗಳನ್ನು ನಿಲ್ಲಿಸಬೇಕೆಂದು ನಾವು ರೇಡಿಯೋದಲ್ಲಿ ಹೇಳಬೇಕಾಗುವುದರಿಂದ, ಕೊಯ್ಲು ಶುರುವಾಗುವ ಮೊದಲೇ ಇದನ್ನು ಸರಿಪಡಿಸಿ ತಿಳಿಸಿರಿ.

ಕೊರಿನ್ ಹ್ಯಾಡಿಕ್ಸ್
ಬೆಂಕಿ-ಹವೆ ಮುನ್ಸೂಚನೆ


ಹಾರ್ಲನ್ ರಿಡ್ಜ್
ಜೂನ್ ೯

ಕೊರಿನ್ ಹ್ಯಾಡಿಕ್ಸ್ ಅವರಿಗೆ,

ಎರಡು ಬೇಸಿಗೆಯಿಂದ ದಿನಾ ನಿಮಗೆ ಅಂಕಿ ಒಪ್ಪಿಸುತ್ತಿದ್ದೇನೆ, ನಿಮ್ಮ ಸಹಿ ನೋಡಿದ್ದು ಇದೇ ಮೊದಲು. ಚೆನ್ನಾಗಿದೆ, ಸ್ವಲ್ಪ ಅವಸರದ್ದು. ಫೋನಿನಲ್ಲೂ ನೀವು ಹಾಗೇ. ನಾನು ನಮಸ್ಕಾರ ಎನ್ನುವಷ್ಟರಲ್ಲಿ "ಹೇಳಿ" ಎನ್ನುತ್ತೀರಿ, ನಾನು ಹೇಳಿ ಉಸಿರು ಬಿಡುವಷ್ಟರಲ್ಲಿ ಇಟ್ಟುಬಿಡುತ್ತೀರಿ. ಗಡಿಯಾರ ನೋಡಿದ್ದೇನೆ, ನಲವತ್ತು ಸೆಕೆಂಡು. ನನ್ನ ಹಿಂದೆ ಇನ್ನೂ ಮೂವತ್ತು ಠಾಣೆಯವರು ಕಾಯುತ್ತಿರುತ್ತಾರೆಂದು ಗೊತ್ತು, ದೂರು ಹೇಳುತ್ತಿಲ್ಲ.

ನಾನು ಯಾರೆಂದು ನಿಮಗೆ ತಿಳಿಯದು. ಇಲ್ಲಿಯ ಸ್ವಯಂಸೇವಕ ದಳದಲ್ಲಿ ಇಪ್ಪತ್ತಾರು ವರ್ಷ ನೀರಿನ ಲಾರಿ ಓಡಿಸಿದವನು. ಎರಡು ವರ್ಷದ ಕೆಳಗೆ ಎದೆ ಹಿಡಿದುಕೊಂಡಿತು. ನಮ್ಮ ದಳದ ಮುಖ್ಯಸ್ಥ ಗಸ್ ಮಿಕೆಲ್ಸನ್ ಮನೆಗೇ ಬಂದ. "ಆರ್ವಲ್, ಕೀಲಿಕೈ ಕೊಟ್ಬಿಡಪ್ಪಾ. ಬೆಂಕಿ ಆರ್ಸೋಕೆ ಅಂತ ಹೋಗಿ ನಿನ್ನನ್ನೇ ಹೊತ್ಕೊಂಡು ಬರೋ ಹಾಗಾಗ್ಬಾರ್ದು" ಎಂದ. ಕೊಟ್ಟೆ. ಬದಲಿಗೆ ಠಾಣೆಯ ಹಿಂದಿನ ದಿಬ್ಬದ ಮೇಲಿರುವ ಈ ಪೆಟ್ಟಿಗೆಯನ್ನು ಕೊಟ್ಟ. ನನ್ನ ಮನೆಯಿಂದ ಅರವತ್ತು ಹೆಜ್ಜೆ. ಈಗ ನನ್ನ ಲಾರಿಯನ್ನು ಡೊರೀನ್ ಪ್ರೂಯಿಟ್ ಓಡಿಸುತ್ತಾಳೆ. ಶಾಲೆಯ ಅಡುಗೆಯವಳು, ಬಾಯಿ ಬಲು ಜೋರು. "ನಿನ್ನ ಲಾರಿ ನಾನು ಹೇಳ್ದಂಗೆ ಕೇಳುತ್ತೆ ಕಣೋ. ನಿನ್ನ ಮಾತು ಯಾವತ್ತಾದ್ರೂ ಕೇಳಿತ್ತಾ?" ಎಂದು ಎಲ್ಲರೆದುರು ಕೇಳುತ್ತಾಳೆ.

ಪೆಟ್ಟಿಗೆಯ ಬಣ್ಣ ಉದುರಿರುವುದು ನಿಜ. ನೀವು ಅಲ್ಲಿ ಕೂತೇ ಕಂಡುಹಿಡಿದಿರಲ್ಲ! ಬಣ್ಣದಂಗಡಿ ಇಲ್ಲಿಂದ ನಲವತ್ತು ಮೈಲಿ. ತರಿಸಿ ಬಳಿಯುತ್ತೇನೆ.

ಆರ್ವಲ್ ಸ್ಟೆನ್‌ಬರ್ಗ್


ಹವಾಮಾನ ಕಚೇರಿ
ಜೂನ್ ೧೭

ಶ್ರೀ ಸ್ಟೆನ್‌ಬರ್ಗ್ ಅವರಿಗೆ,

ನಲವತ್ತು ಸೆಕೆಂಡಿನ ಬಗ್ಗೆ ಕ್ಷಮೆ ಇರಲಿ. ಎಣಿಸುವವರು ಇದ್ದಾರೆಂದು ಗೊತ್ತಿರಲಿಲ್ಲ.

ನೀವು ಕೇಳದಿದ್ದರೂ ಒಂದು ಮಾತು. ನನ್ನ ಕೋಣೆ ನೆಲಮಾಳಿಗೆಯಲ್ಲಿದೆ, ಕಿಟಕಿ ಇಲ್ಲ. ಮೂವತ್ತೊಂದು ಊರುಗಳ ಗಾಳಿಯನ್ನು ನಾನು ಬಲ್ಲೆ, ಹೊರಗೆ ಮಳೆ ಬರುತ್ತಿದೆಯೇ ಎಂಬುದು ಮಾತ್ರ ಒಳಗೆ ಬಂದವರ ಕೋಟು ನೋಡಿದ ಮೇಲೆ ತಿಳಿಯುತ್ತದೆ. ನಿಮ್ಮ ದಿಬ್ಬದಿಂದ ಏನೇನು ಕಾಣುತ್ತದೆ, ಸಮಯವಾದಾಗ ಬರೆಯಿರಿ. ಅಂಕಿಗಳು ಎಲ್ಲಿಂದ ಬರುತ್ತವೆಂದು ತಿಳಿದಿದ್ದರೆ ಒಳ್ಳೆಯದು.

ಬಣ್ಣ ಮರೆಯಬೇಡಿ. ಇನ್ನೂ ಏಳು ಕಡಿಮೆಯೇ ಇದೆ.

ಕೊರಿನ್ ಹ್ಯಾಡಿಕ್ಸ್


ಹಾರ್ಲನ್ ರಿಡ್ಜ್
ಜೂನ್ ೩೦

ಕೊರಿನ್ ಅವರೇ,

ದಿಬ್ಬದಿಂದ ಕಾಣುವುದು ಗೋಧಿ. ಪಶ್ಚಿಮಕ್ಕೆ ಗೋಧಿ, ಪೂರ್ವಕ್ಕೂ ಗೋಧಿ, ನಡುವೆ ಒಂದು ಕಣಿವೆ. ಕಣಿವೆಯಲ್ಲಿ ಒಣಹುಲ್ಲು ಸೊಂಟದವರೆಗೆ ನಿಂತಿದೆ. ಬೆಂಕಿ ಅದರೊಳಗೆ ಇಳಿದರೆ ಹಿಂದೆ ಹೋಗಬೇಡಿ, ತುದಿಯಲ್ಲಿ ಕಾಯಿರಿ ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಮಧ್ಯಾಹ್ನ ಗಾಳಿ ಎದ್ದಾಗ ಹೊಲದ ಮೇಲೆ ಕೈ ಸವರಿದ ಹಾಗೆ ಒಂದು ಗೆರೆ ಓಡುತ್ತದೆ. ನನ್ನ ಹೆಂಡತಿ ಎಲೀನ್ ಇದ್ದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದೆವು. ಅವಳು ಹೋಗಿ ಒಂಬತ್ತು ವರ್ಷ. ಈಗ ಒಬ್ಬನೇ ನೋಡುತ್ತೇನೆ, ಚೆನ್ನಾಗಿಲ್ಲ ಅನ್ನಲಾರೆ, ಆದರೆ ತಿರುಗಿ "ನೋಡಿದೆಯಾ" ಎನ್ನುವುದಕ್ಕೆ ಯಾರೂ ಇಲ್ಲ.

ಬೆಳಿಗ್ಗೆ ಡೊರೀನ್ ಶಾಲೆಯ ದೊಡ್ಡ ಪಾತ್ರೆಯಿಂದ ಕಾಫಿ ತಂದು ಕೊಡುತ್ತಾಳೆ. ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತೇನೆಂದು ಬೈಯುತ್ತಾಳೆ. ವೈದ್ಯನಿಗೆ ಹೇಳಬೇಡಿ.

ಬಣ್ಣ ಇನ್ನೂ ಬಂದಿಲ್ಲ. ಪೇಟೆಗೆ ಹೋಗುವವರಿಗೆಲ್ಲ ಹೇಳಿದ್ದೇನೆ, ಎಲ್ಲರೂ ಮರೆತು ಬರುತ್ತಾರೆ.

ಆರ್ವಲ್


ಹವಾಮಾನ ಕಚೇರಿ
ಜುಲೈ ೭

ಆರ್ವಲ್ ಅವರೇ,

ನಿಮ್ಮೂರಿನ ಮರೆಗುಳಿಗಳನ್ನು ನಂಬಿ ಕೂರುವುದು ಬೇಡ. ಒಂದು ಡಬ್ಬಿ ಬಿಳಿ ಬಣ್ಣವನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಕಚೇರಿಯದಲ್ಲ, ನನ್ನದು. ನಾನಿರುವುದು ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಮ್ಮ ಇದ್ದ ಕೋಣೆಗೆ ಬಣ್ಣ ಬಳಿಯಬೇಕೆಂದು ಚಳಿಗಾಲದಲ್ಲೇ ತಂದಿಟ್ಟಿದ್ದೆ. ಅವರು ಫೆಬ್ರವರಿಯಲ್ಲಿ ತೀರಿಕೊಂಡರು. ಆ ಗೋಡೆಗಳನ್ನು ಮುಟ್ಟಲು ಮನಸ್ಸಾಗುತ್ತಿಲ್ಲ.

ಗೋಧಿಯ ಮೇಲೆ ಓಡುವ ಗೆರೆಯ ಬಗ್ಗೆ ಬರೆದಿದ್ದಿರಿ. ಒಂದು ಗಂಟೆಗೆ ನಿಮ್ಮ ಫೋನು ಬಂದಾಗಲೆಲ್ಲ ಅದನ್ನೇ ನೆನೆಯುತ್ತೇನೆ. "ಹೇಳಿ" ಎಂದು ಮಾತ್ರ ಹೇಳುತ್ತೇನೆ, ಅಷ್ಟೆ.

ಕೊರಿನ್


ಹಾರ್ಲನ್ ರಿಡ್ಜ್
ಜುಲೈ ೧೪

ಕೊರಿನ್ ಅವರೇ,

ಡಬ್ಬಿ ಬಂತು. ಏನು ಹೇಳಲಿ, ಯಾರೂ ನನಗೆ ಬಸ್ಸಿನಲ್ಲಿ ಏನನ್ನೂ ಕಳಿಸಿದವರಿಲ್ಲ. ಪೆಟ್ಟಿಗೆಗೆ ಬಣ್ಣ ಆಯಿತು, ಹಾಲಿನಷ್ಟು ಬೆಳ್ಳಗಿದೆ. ಆದರೂ ಅಂಕಿ ಏಳು ಕಡಿಮೆಯೇ ಬರುತ್ತಿದೆಯಲ್ಲ, ಇದಕ್ಕೇನು ಮಾಡೋಣ? ಬೇರೆ ಏನಾದರೂ ದೋಷ ಇರಬೇಕು. ನೀವೇ ಯೋಚಿಸಿ ಬರೆಯಿರಿ, ಅವಸರವಿಲ್ಲ.

ಕೊಯ್ಲು ಶುರುವಾಗಿದೆ. ಕಳೆದ ವಾರ ಮೂರು ದಿನ ಯಂತ್ರ ನಿಲ್ಲಿಸಬೇಕಾಯಿತಲ್ಲ, ಲೈಲ್ ಬ್ಯಾಸ್ಕಮ್ ನನ್ನ ಮೇಲೆ ಉರಿದುಬಿದ್ದಿದ್ದಾನೆ. ಹೆಚ್ಚು ಗೋಧಿ ಇರುವವನು ಅವನೇ. "ಏನಯ್ಯಾ, ನಿನ್ನ ಪೆಟ್ಟಿಗೇಲಿ ದೆವ್ವ ಕೂತಿದ್ಯಾ? ಆ ಕಡೆ ವಲಯದಲ್ಲಿ ಎಲ್ಲಾರೂ ಕೊಯ್ತಾವ್ರೆ, ನಾವು ಮಾತ್ರ ಕೈ ಕಟ್ಕೊಂಡು ಕೂರ್ಬೇಕಾ?" ಎಂದು ಅಂಚೆ ಕಚೇರಿಯ ಮುಂದೆ ಕೂಗಾಡಿದ. ಡೊರೀನ್ ನನ್ನ ಪರ ಬಂದಳು. "ಸುಮ್ನಿರು ಲೈಲ್. ನಿನ್ನ ಹೊಲಕ್ಕೆ ಬೆಂಕಿ ಬಿದ್ರೆ ಮೊದ್ಲು ಓಡಿ ಬರೋಳು ನಾನೇ" ಎಂದಳು.

ಆರ್ವಲ್


ಹವಾಮಾನ ಕಚೇರಿ
ಜುಲೈ ೧೮

ಆರ್ವಲ್ ಅವರೇ,

ನಿಮ್ಮ ಮುಖ್ಯಸ್ಥ ಗಸ್ ಅವರು ನಮ್ಮ ಮೇಲಧಿಕಾರಿಗೆ ಫೋನು ಮಾಡಿದ್ದರು. ಬ್ಯಾಸ್ಕಮ್ ಅವರ ದೂರು. ಲೆಕ್ಕ ತಪ್ಪುವ ಠಾಣೆಯನ್ನು ಮುಚ್ಚಿ ತಾನೇ ಅಳೆಯುವ ಯಂತ್ರವೊಂದನ್ನು ನಿಲ್ಲಿಸಿಬಿಡೋಣ ಎಂದು ನಮ್ಮವರು ಹೊರಟಿದ್ದರು. ಈ ಬೇಸಿಗೆ ಬೇಡ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದೇನೆ. ನೀವು ಯೋಚಿಸಬೇಡಿ. ಇನ್ನು ಮೇಲೆ ಸುಮ್ಮಸುಮ್ಮನೆ ಕೊಯ್ಲು ನಿಲ್ಲುವುದಿಲ್ಲ. ಮೂರೂ ಠಾಣೆಗಳನ್ನು ಒಟ್ಟಿಗೆ ನೋಡಿ ತೀರ್ಮಾನಿಸುತ್ತೇನೆ.

ಆಗಸ್ಟ್ ಹದಿನಾರು ಶನಿವಾರ ನನಗೆ ರಜೆ. ಒಪ್ಪಿಗೆಯಾದರೆ ಬಸ್ಸಿನಲ್ಲಿ ಬಂದು ಪೆಟ್ಟಿಗೆಯನ್ನು ನಾನೇ ನೋಡುತ್ತೇನೆ. ಗೋಧಿ ಕೊಯ್ದು ಮುಗಿದಿರುತ್ತದೆಯೇ? ಗೆರೆ ಓಡುವುದನ್ನು ನೋಡಬೇಕಿತ್ತು.

ಕೊರಿನ್


ಹಾರ್ಲನ್ ರಿಡ್ಜ್
ಜುಲೈ ೩೧

ಕೊರಿನ್ ಅವರೇ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಬನ್ನಿ. ಪೂರ್ವದ ಹೊಲ ಒಂದನ್ನಾದರೂ ಅಲ್ಲಿಯವರೆಗೆ ಕೊಯ್ಯಬೇಡವೆಂದು ಅದರ ಒಡೆಯನನ್ನು ಬೇಡಿಕೊಳ್ಳುತ್ತೇನೆ. ಬಸ್ಸು ಹನ್ನೊಂದಕ್ಕೆ ಅಂಚೆ ಕಚೇರಿಯ ಮುಂದೆ ನಿಲ್ಲುತ್ತದೆ. ಡೊರೀನ್ ಪೀಚ್ ಹಣ್ಣಿನ ಕಡುಬು ಮಾಡುತ್ತಾಳಂತೆ. "ಅಂಗಿ ಹೊಸದು ತಗೋ ಮಾರಾಯ, ಆ ಅಂಗಿ ಹಾಕ್ಕೊಂಡು ನಿಂತ್ರೆ ಆಯಮ್ಮ ಅದೇ ಬಸ್ಸಲ್ಲಿ ವಾಪಸ್ ಹೋಗ್ತಾಳೆ" ಎಂದು ನಗುತ್ತಾಳೆ. ಅವಳು ಬೇರೆಯದೂ ಒಂದು ಮಾತು ಹೇಳಿದಳು. ಅದನ್ನು ನೀವು ಬಂದಾಗ ಹೇಳುತ್ತೇನೆ.

ನೀವು ಬರುವ ಹೊತ್ತಿಗೆ ಪೆಟ್ಟಿಗೆ ತಾನಾಗಿಯೇ ಸರಿಹೋಗಿರುತ್ತದೆ ಅನ್ನಿಸುತ್ತದೆ.

ಆರ್ವಲ್


ಹವಾಮಾನ ಕಚೇರಿ
ಆಗಸ್ಟ್ ೪

ಆರ್ವಲ್ ಅವರೇ,

ಟಿಕೆಟ್ ತಂದಿಟ್ಟುಕೊಂಡಿದ್ದೇನೆ. ಹಳೆಯ ಅಂಗಿಯೇ ಸಾಕು. ನಿಮ್ಮನ್ನು ದನಿಯಲ್ಲೇ ಗುರುತು ಹಿಡಿಯುತ್ತೇನೆ, ನೀವೂ ನನ್ನನ್ನು ಹಾಗೇ.

ಕೊರಿನ್


ಹವಾಮಾನ ಕಚೇರಿ, ಬೆಂಕಿ-ಹವೆ ವಿಭಾಗ
ಆಗಸ್ಟ್ ೮

ಶ್ರೀ ಸ್ಟೆನ್‌ಬರ್ಗ್ ಅವರಿಗೆ,

ನಿನ್ನೆ ಆಗಸ್ಟ್ ೭ರ ಮಧ್ಯಾಹ್ನ ಮೂರರ ಸುಮಾರಿಗೆ ನಿಮ್ಮ ವಲಯದಲ್ಲಿ ಹೊತ್ತಿಕೊಂಡ ಬೆಂಕಿಯ ತನಿಖೆಗಾಗಿ, ಅಂದಿನ ಒಂದು ಗಂಟೆಯ ಅಂಕಿಗಳನ್ನು ಬರೆದ ಮೂಲ ಪುಸ್ತಕದ ಪುಟವನ್ನು ಕಳಿಸಿಕೊಡಬೇಕು. ಅಂದು ಕೊಯ್ಲು ಮುಂದುವರಿಸಬಹುದೆಂದು ಈ ಕಚೇರಿಯಿಂದ ಪ್ರಕಟಿಸಲಾಗಿತ್ತು.

ಇದು ಎಲ್ಲರಿಗೂ ಕಳಿಸುವ ಪತ್ರ. ಆರ್ವಲ್ ಅವರೇ, ನೀವು ಹೇಗಿದ್ದೀರಿ? ಆಸ್ಪತ್ರೆ ಸೇರಿದವರು ಯಾರು?

ಕೊರಿನ್ ಹ್ಯಾಡಿಕ್ಸ್


ಆಗಸ್ಟ್ ೧೩

ಆರ್ವಲ್ ಅವರೇ,

ಐದು ದಿನದಿಂದ ಒಂದು ಗಂಟೆಗೆ ಗಸ್ ಅವರ ದನಿ ಬರುತ್ತಿದೆ. ನೀವೆಲ್ಲಿ ಎಂದು ಕೇಳಿದೆ. "ಆಸ್ಪತ್ರೆಲಿ ಕೂತವ್ನೆ, ಡೊರೀನ್ ಬಾಗ್ಲಲ್ಲಿ. ಕರುದ್ರೂ ಬರಲ್ಲ" ಎಂದರು. ಡೊರೀನ್ ಎಂದು ಆಗ ತಿಳಿಯಿತು. ಪುಸ್ತಕದ ಪುಟವನ್ನು ಅವರೇ ಕಳಿಸಿದರು. ಹನ್ನೊಂದು ಎಂದು ನಿಮ್ಮ ಅಕ್ಷರದಲ್ಲಿದೆ.

ಶನಿವಾರ ಬರುವುದಿಲ್ಲ. ಬರಬಾರದೆಂದಲ್ಲ.

ಕೊರಿನ್


ಆಗಸ್ಟ್ ೧೯

ಆರ್ವಲ್ ಅವರೇ,

ಡೊರೀನ್ ನಿನ್ನೆ ಹೋದರೆಂದು ಗಸ್ ಹೇಳಿದರು. ಇದನ್ನು ನಾನು ಯಾರಿಗಾದರೂ ಹೇಳಲೇಬೇಕು, ನಿಮಗೇ ಮೊದಲು ಹೇಳಬೇಕು.

ಮೂರು ಠಾಣೆಗಳನ್ನು ಒಟ್ಟಿಗೆ ನೋಡುತ್ತೇನೆಂದು ಬರೆದದ್ದು ಸುಳ್ಳು. ಜುಲೈ ಹದಿನೆಂಟರಿಂದ ನೀವು ಹೇಳಿದ ಅಂಕಿಗೆ ದಿನವೂ ಏಳು ಕೂಡಿಸುತ್ತಿದ್ದೆ. ನೀವು ಹದಿಮೂರು ಎಂದರೆ ಇಪ್ಪತ್ತು ಬರೆದುಕೊಳ್ಳುತ್ತಿದ್ದೆ. ಪೆಟ್ಟಿಗೆ ಕೆಟ್ಟಿದೆಯೆಂದು ವರದಿ ಮಾಡಿದರೆ ಯಂತ್ರ ಬರುತ್ತದೆ, ನೀವು ಹೋಗುತ್ತೀರಿ, ಕಾಗದ ನಿಲ್ಲುತ್ತದೆ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ. ಏಳನೆಯ ತಾರೀಖು ನೀವು ಹನ್ನೊಂದು ಎಂದಿರಿ. ಕೈ ತಾನಾಗಿ ಹದಿನೆಂಟು ಬರೆಯಿತು. ಹದಿನೈದಕ್ಕಿಂತ ಮೇಲೆ, ಕೊಯ್ಲು ಮುಂದುವರಿಯಲಿ ಎಂದು ಪ್ರಕಟಿಸಿದೆ.

ಪಕ್ಕದ ಎರಡೂ ಠಾಣೆಗಳು ಅಂದು ಹನ್ನೆರಡು ಎಂದು ತೋರಿಸಿದ್ದವು. ಅದನ್ನು ಪ್ರಕಟಣೆಯಾದ ಮೇಲೆ ನೋಡಿದೆ. ಪೆಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ ಎಂದು ನೀವು ಬರೆದ ಸಾಲನ್ನು ಎರಡು ಸಲ ಓದಿದ್ದೆ. ಪ್ರೀತಿಯಿಂದ ಬರೆದದ್ದೆಂದುಕೊಂಡೆ.

ಕೊರಿನ್


ಹಾರ್ಲನ್ ರಿಡ್ಜ್
ಆಗಸ್ಟ್ ೧೯

ಕೊರಿನ್ ಅವರೇ,

ಡೊರೀನ್ ಹೋದಳು. ಹನ್ನೊಂದು ದಿನ ಜೀವ ಹಿಡಿದುಕೊಂಡಿದ್ದಳು. ಲೈಲ್‌ನ ಕೊಯ್ಲು ಯಂತ್ರದ ಬೇರಿಂಗ್ ಕಾದು ಕಿಡಿ ಹಾರಿತು. ಅವಳು ಹೇಳಿದ ಹಾಗೆ ಮೊದಲು ಬಂದವಳು ಅವಳೇ. ಗಾಳಿ ತಿರುಗಿ ಬೆಂಕಿ ಕಣಿವೆಯ ಕಡೆಗೆ ಇಳಿಯಿತು. ಲೈಲ್ ಆಚೆ ಸಿಕ್ಕಿಕೊಂಡಿದ್ದನೆಂದು ಅವಳು ಲಾರಿಯನ್ನು ಬೆಂಕಿಯ ಹಿಂದೆಯೇ ಕಣಿವೆಗೆ ಇಳಿಸಿದಳು. ಅವನು ಬದುಕಿದ್ದಾನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು "ನಂಗೆ ಬೈಯೋಕೆ ಇನ್ನ್ಯಾರಿದಾರೆ ಆರ್ವಲ್" ಎಂದು ಅತ್ತ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಪೆಟ್ಟಿಗೆಗೆ ಜೂನ್ ಹನ್ನೊಂದರಂದೇ ಬಣ್ಣ ಬಳಿದಿದ್ದೆ. ಡೊರೀನಳೇ ಏಣಿ ಹಿಡಿದಿದ್ದಳು. ಅಂಕಿ ಸರಿಹೋಯಿತು. ಸರಿಹೋದರೆ ನೀವು ಬರೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಮರುದಿನದಿಂದ ನಾನೇ ಏಳು ಕಳೆದು ಹೇಳಿದೆ. ಏಳು ಎಂದು ನೀವೇ ಬರೆದಿದ್ದಿರಲ್ಲ, ಅದೇ ಸಾಕಾಯಿತು. ನೀವು ಕಳಿಸಿದ ಡಬ್ಬಿಯನ್ನು ತೆರೆದೇ ಇಲ್ಲ, ಹಾಸಿಗೆಯ ಪಕ್ಕದ ಹಲಗೆಯ ಮೇಲಿದೆ. ಜನರ ಕೊಯ್ಲು ನಿಂತರೆ ನಿಲ್ಲಲಿ, ಒಣಗಿದೆ ಎಂದರೆ ಯಾರೂ ಸಾಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಡೊರೀನಳಿಗೆ ಗೊತ್ತಾಯಿತು. ಪುಸ್ತಕ ನೋಡಿದಳು, ಥರ್ಮಾಮೀಟರ್ ನೋಡಿದಳು, ನನ್ನ ಮುಖ ನೋಡಿದಳು. "ನಿಂಗೆ ಕಾಗದ ಬೇಕಾದ್ರೆ ಕಾಗದ ಬರಿಯೋ ಮುದುಕಾ. ಅಂಕಿ ಯಾಕೋ ತಿದ್ದುತೀಯ?" ಎಂದಳು. ಬೈಯಲಿಲ್ಲ, ಮೆತ್ತಗೆ ಹೇಳಿದಳು. ನಾಚಿಕೆಯಾಯಿತು. ಆಗಸ್ಟ್ ಒಂದರಿಂದ ನಿಜವನ್ನೇ ಹೇಳಿದೆ. ನೀವು ಬಂದಾಗ ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದಿದ್ದೆ.

ಏಳನೆಯ ತಾರೀಖು ಹನ್ನೊಂದು ಎಂದು ಹೇಳಿ ಮನೆಗೆ ಬಂದೆ. ಎರಡು ಗಂಟೆಗೆ ರೇಡಿಯೋ ಕೊಯ್ಲು ಮುಂದುವರಿಯಲಿ ಎಂದಿತು. ತಪ್ಪೆಂದು ತಿಳಿಯಿತು. ಫೋನಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಮಾಡಿದರೆ ನೀವು ಯಾಕೆ ಎಂದು ಕೇಳುತ್ತೀರಿ, ಜೂನ್ ತಿಂಗಳಿಂದ ಎಲ್ಲ ಬಿಚ್ಚಿ ಹೇಳಬೇಕು, ಅದೂ ನಲವತ್ತು ಸೆಕೆಂಡಿನಲ್ಲಿ. ಇನ್ನು ಒಂಬತ್ತು ದಿನಕ್ಕೆ ನೀವು ಬರುವವರಿದ್ದಿರಿ. ನೀವು ನನಗಿಂತ ತಿಳಿದವರು, ಏನೋ ಲೆಕ್ಕ ಇರಬೇಕು ಎಂದುಕೊಂಡೆ. ಸೈರನ್ ಕೂಗಿದಾಗಲೂ ಕೈ ಫೋನಿನ ಮೇಲೆಯೇ ಇತ್ತು.

ಗಸ್‌ಗೆ ಇಂದು ಹೇಳಿದೆ. ಅವನು ಟೋಪಿ ತೆಗೆದುಕೊಂಡು ಹೊರಗೆ ಹೋದ.

ಆರ್ವಲ್


ಸೆಪ್ಟೆಂಬರ್ ೧೪

ಆರ್ವಲ್ ಅವರೇ,

ಮೇಲಧಿಕಾರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಉತ್ತರದ ಒಂದು ಕಚೇರಿಗೆ ನನ್ನನ್ನು ವರ್ಗ ಮಾಡಿದ್ದಾರೆ. ಹಳೆಯ ಹಿಮಪಾತದ ದಾಖಲೆಗಳನ್ನು ಜೋಡಿಸಿಡುವ ಕೆಲಸ. ಅಲ್ಲಿ ಫೋನು ಇಲ್ಲ, ಕಿಟಕಿ ಇದೆ. ವಿಳಾಸ ಕೆಳಗಿದೆ.

ನಿಮ್ಮ ಮೇಲೆ ಸಿಟ್ಟು ಬಂತು. ಎಷ್ಟೋ ದಿನ ಇತ್ತು. ನೀವು ನಿಜ ಹೇಳಿದ್ದರೆ ನಾನು ಕೂಡಿಸುತ್ತಿರಲಿಲ್ಲ ಎಂದುಕೊಂಡೆ. ನಾನು ನಿಜ ಹೇಳಿದ್ದರೆ ಅಂದು ನೀವು ಫೋನು ಮಾಡುತ್ತಿದ್ದಿರಿ ಎಂಬುದೂ ಹೊಳೆಯಿತು. ಇದನ್ನು ಎಷ್ಟು ತಿರುಗಿಸಿದರೂ ಡೊರೀನ್ ಲಾರಿಯಲ್ಲೇ ಇರುತ್ತಾರೆ.

ಒಂದು ಮಾತು ಹೇಳದೆ ಇರಲಾರೆ. ಇಪ್ಪತ್ತೆರಡರಂದು ಅವರ ಅಂತ್ಯಕ್ರಿಯೆಗೆ ಬಂದಿದ್ದೆ. ನಾವು ಒಂದೇ ದಿನ ಬರೆದ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿದ್ದವು. ನಿಮ್ಮದು ಆಗ ನನಗೆ ಸಿಕ್ಕಿರಲಿಲ್ಲ, ತಿರುಗಿ ಬಂದಾಗ ಬಾಗಿಲಲ್ಲಿ ಬಿದ್ದಿತ್ತು. ಚರ್ಚಿನ ಪಕ್ಕದ ಕೋಣೆಯಲ್ಲಿ ಹೆಂಗಸರು ಕಾಫಿ ಕೊಡುತ್ತಿದ್ದರು, ನಾನೂ ಏಪ್ರನ್ ಕಟ್ಟಿಕೊಂಡು ಅವರೊಡನೆ ನಿಂತೆ. ನೀವು ಬಂದಿರಿ. ನಿಮ್ಮ ಕೈಗೆ ಲೋಟ ಕೊಟ್ಟೆ. ನೀವು "ಉಪಕಾರವಾಯ್ತಮ್ಮಾ" ಎಂದಿರಿ. ಬಾಯಿ ಬಿಟ್ಟರೆ ದನಿಯಲ್ಲಿ ಗುರುತು ಸಿಗುತ್ತದೆಂದು ತಲೆಯನ್ನಷ್ಟೇ ಆಡಿಸಿದೆ. ಮೂರು ಗಂಟೆಯ ಬಸ್ಸಿಗೆ ಹೊರಟೆ. ಗೋಧಿ ಇದ್ದ ಕಡೆಯೆಲ್ಲ ಕಪ್ಪಾಗಿತ್ತು.

ಕೊರಿನ್


ಹಾರ್ಲನ್ ರಿಡ್ಜ್
ಅಕ್ಟೋಬರ್ ೧೯

ಕೊರಿನ್,

ಅಂದು ನಿಮ್ಮ ಹತ್ತೊಂಬತ್ತರ ಕಾಗದ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಕಾಫಿ ಕುಡಿಯುವಾಗ ಮೂರು ಚಮಚ ಸಕ್ಕರೆ ಹಾಕಿರುವುದು ತಿಳಿಯಿತು. ಈ ಊರಿನಲ್ಲಿ ಅದು ಗೊತ್ತಿದ್ದವಳು ಡೊರೀನ್ ಒಬ್ಬಳೇ. ಅವಳು ಚರ್ಚಿನ ಹೆಂಗಸರಿಗೆ ಹೇಳಿರಬೇಕೆಂದುಕೊಂಡು, ಅದನ್ನು ನೆನೆದು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತೆ. ತಿರುಗಿ ನೋಡಬೇಕಿತ್ತು.

ಗಸ್ ಎರಡು ವಾರ ನನ್ನ ಮನೆಯ ಕಡೆ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಕಾಫಿ ತಂದಿಟ್ಟು "ಸಕ್ಕರೆ ಎಷ್ಟು ಅಂತ ಗೊತ್ತಿಲ್ಲ, ನೀನೇ ಹಾಕ್ಕೋ" ಎಂದ. ವಲಯದ ಸಭೆಯಲ್ಲಿ ಎದ್ದು ನಿಂತು ನನ್ನ ಪಾಲಿನದನ್ನು ಎಲ್ಲರಿಗೂ ಹೇಳಿದೆ. ನಿಮ್ಮ ಪಾಲಿನದು ಹೇಳಲಿಲ್ಲ. ಲೈಲ್ ಎದ್ದು ಹೊರಗೆ ಹೋದ, ಉಳಿದವರು ನೆಲ ನೋಡುತ್ತ ಕೂತರು. ಈಗ ಅಂಚೆ ಕಚೇರಿಯಲ್ಲಿ ಜನ ನನಗೆ ದಾರಿ ಬಿಡುತ್ತಾರೆ, ಮಾತಾಡಿಸುವುದಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಯಂತ್ರ ಬಂದಿದೆ. ಕಬ್ಬಿಣದ ಕಂಬ, ಮೇಲೊಂದು ತಿರುಗುವ ಬಟ್ಟಲು, ಯಾರೂ ಹತ್ತಿರ ಹೋಗಬೇಕಾಗಿಲ್ಲ. ಮರದ ಪೆಟ್ಟಿಗೆಯನ್ನು ಸೌದೆಗೆ ಹಾಕಲಿದ್ದರು, ಕೇಳಿ ಇಸಿದುಕೊಂಡೆ. ಮನೆಯ ಉತ್ತರಕ್ಕೆ ನಿಲ್ಲಿಸಿ ನಿಮ್ಮ ಡಬ್ಬಿಯ ಬಣ್ಣ ಬಳಿದಿದ್ದೇನೆ. ನಿಮ್ಮ ಅಮ್ಮನ ಕೋಣೆಯ ಬಣ್ಣ.

ಒಂದು ಗಂಟೆಗೆ ಕಾಲು ಈಗಲೂ ತಾನಾಗಿ ಎದ್ದು ಹೋಗುತ್ತದೆ. ಅಳೆಯುತ್ತೇನೆ, ಬರೆದುಕೊಳ್ಳುತ್ತೇನೆ, ಹೇಳುವುದಕ್ಕೆ ಯಾರೂ ಇಲ್ಲ. ಕಾಗದ ಬೇಕಾದರೆ ಕಾಗದ ಬರೆ ಎಂದಿದ್ದಳು ಡೊರೀನ್. ಬರೆಯುತ್ತಿದ್ದೇನೆ. ನೀವು ಉತ್ತರ ಬರೆಯದಿದ್ದರೂ ಬರೆಯುತ್ತೇನೆ.

ಇಂದು ಒಂದು ಗಂಟೆಗೆ ಐವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ಪಶ್ಚಿಮದ ಸಣ್ಣ ಗಾಳಿ, ತೇವಾಂಶ ನಲವತ್ತೆರಡು. ಪಕ್ಕದ ಠಾಣೆಗೆ ಹೋಲಿಸಿ ನೋಡಿಲ್ಲ, ಎರಡು ಸಲ ಓದಿದ್ದೇನೆ. ನಲವತ್ತೆರಡೇ. ದಯವಿಟ್ಟು ಅದಕ್ಕೆ ಏನನ್ನೂ ಕೂಡಿಸಬೇಡಿ.

ಆರ್ವಲ್